ಕೆಂಚು ಕೂದಲಿನ ವಂಶಾವಳಿ

ಪಾಲಾರ್ ನದಿಯ ನೀರು ತುಂಬುವ ದೊಡ್ಡ ಕೆರೆಯ ಊರಾದ ಬೇತಮಂಗಲದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುತ್ತವೆ, ಜನರ ಮೈಬಣ್ಣದಲ್ಲಿ ಎಣ್ಣೆಗಪ್ಪಿನಿಂದ ಗೋಧಿಬಣ್ಣದವರೆಗೆ ಎಲ್ಲ ಛಾಯೆಗಳೂ ಕಾಣಸಿಗುತ್ತವೆ. ಇಷ್ಟೆಲ್ಲ ವೈವಿಧ್ಯದ ನಡುವೆಯೂ ನರೆಯದ ತಲೆಗೂದಲು ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಕಪ್ಪು. ಹೀಗೆ ಕಪ್ಪೇ ರೂಢಿಯಾದ ಕಡೆ ಒಂದು ಮನೆಯಲ್ಲಿ ಕೆಂಚು ಕೂದಲಿನ ಮಗುವೋ, ಹತ್ತಿಯಂತೆ ಬೆಳ್ಳಗಿನ ಕೂದಲಿನ ಮಗುವೋ ಹುಟ್ಟಿದರೆ ಅದು ಕೇರಿಗೆಲ್ಲ ಸುದ್ದಿಯಾಗುತ್ತದೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳೆಂದು ಕೆಲವರು, ದೇವರ ಹರಕೆ ತಪ್ಪಿತೆಂದು ಕೆಲವರು ಹೇಳುತ್ತಾರೆ, ಇನ್ನು ಕೆಲವರು ಬಾಯಿಬಿಟ್ಟು ಹೇಳದೆ ತಾಯಿಯ ನಡತೆಯನ್ನೇ ಶಂಕಿಸುತ್ತಾರೆ. ಈ ಮೂರು ವಿವರಣೆಗಳಿಗೂ ವಿಜ್ಞಾನದ ಆಧಾರವಿಲ್ಲ. ತಂದೆತಾಯಿಗಳ ತಲೆಯ ಮೇಲೆ ಕಾಣುವ ಬಣ್ಣವೇ ಬೇರೆ, ಅವರು ಮಕ್ಕಳಿಗೆ ದಾಟಿಸುವ ಸೂಚನೆಗಳೇ ಬೇರೆ ಎಂಬ ಸಂಗತಿಯನ್ನು ಅರಿತರೆ ಇಂಥ ಮಗುವಿನ ಹುಟ್ಟಿನಲ್ಲಿ ಒಗಟೇನೂ ಉಳಿಯುವುದಿಲ್ಲ.

ಕೂದಲಿಗೆ ಬಣ್ಣ ಬರುವುದು ಅದರ ಬುಡದಲ್ಲಿ. ತಲೆಯ ಚರ್ಮದೊಳಗೆ ಕೂದಲಿನ ಬೇರು ಗಡ್ಡೆಯ ಆಕಾರದಲ್ಲಿ ಉಬ್ಬಿರುತ್ತದೆ. ಅಲ್ಲಿ ಕೂದಲನ್ನು ಕಟ್ಟುವ ಜೀವಕೋಶಗಳ ಜೊತೆಗೆ ಬಣ್ಣವನ್ನು ತಯಾರಿಸುವ ಬೇರೊಂದು ಬಗೆಯ ಕೋಶಗಳಿದ್ದು, ಅವುಗಳಿಗೆ ಮೆಲನೋಸೈಟ್ ಅಥವಾ ವರ್ಣಕೋಶ ಎಂದು ಹೆಸರು. ಆಹಾರದ ಪ್ರೋಟೀನಿನಿಂದ ದೊರೆಯುವ ಟೈರೋಸಿನ್ ಎಂಬ ಅಮೈನೋ ಆಮ್ಲವೇ ಈ ಕೋಶಗಳ ಕಚ್ಚಾವಸ್ತು. ತಾಮ್ರದ ಅಂಶವನ್ನೊಳಗೊಂಡ ಟೈರೋಸಿನೇಸ್ ಎಂಬ ಕಿಣ್ವ ಅದನ್ನು ಹಂತಹಂತವಾಗಿ ಮಾರ್ಪಡಿಸಿ ಮೆಲನಿನ್ ಎಂಬ ವರ್ಣದ್ರವ್ಯವನ್ನಾಗಿ ಮಾಡುತ್ತದೆ, ಹಾಗೆ ಮಾಡಿದ ಬಣ್ಣದ ಕಣಗಳು ಬೆಳೆಯುತ್ತಿರುವ ಕೂದಲಿನೊಳಗೆ ಸೇರಿಹೋಗುತ್ತವೆ. ಮೆಲನಿನ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ: ಕಪ್ಪು ಮತ್ತು ಕಂದು ಬಣ್ಣ ಕೊಡುವ ಯೂಮೆಲನಿನ್, ಕೆಂಪು ಮತ್ತು ಹಳದಿ ಛಾಯೆ ಕೊಡುವ ಫಿಯೋಮೆಲನಿನ್. ಲೋಕದ ಜನರ ತಲೆಗಳಲ್ಲಿ ಕಾಣುವ ಕಪ್ಪು, ಕಂದು, ಕೆಂಚು, ಹೊಂಬಣ್ಣಗಳೆಲ್ಲ ಈ ಎರಡರ ಪ್ರಮಾಣ ಮತ್ತು ಬೆರಕೆಯಿಂದಲೇ ಆದವು. ಎರಡೂ ಇಲ್ಲದಿದ್ದರೆ ಕೂದಲು ಬಿಳಿ. ಚರ್ಮದಿಂದ ಹೊರಗೆ ಬಂದ ಕೂದಲಿನ ಎಳೆ ಜೀವವಿಲ್ಲದ ವಸ್ತುವಾದ್ದರಿಂದ ಅಲ್ಲಿಂದ ಮುಂದೆ ದೇಹ ಅದಕ್ಕೆ ಹೊಸ ಬಣ್ಣವನ್ನು ತುಂಬಲಾರದು. ಗರುಗದ ಸೊಪ್ಪಿನ ಎಣ್ಣೆಯಾಗಲಿ ಕರಿಬೇವಿನ ಎಣ್ಣೆಯಾಗಲಿ ಎಳೆಗೆ ಹೊಳಪನ್ನು ಕೊಟ್ಟೀತೇ ಹೊರತು ವರ್ಣಕೋಶ ಮಾಡದ ಕೆಲಸವನ್ನು ತಾನು ಮಾಡಲಾರದು.

ವರ್ಣಕೋಶ ಯಾವ ಮೆಲನಿನ್ ಅನ್ನು ಎಷ್ಟು ಮಾಡಬೇಕೆಂಬ ಸೂಚನೆ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ ಇರುತ್ತದೆ. ಇಂಥ ಒಂದೊಂದು ವಂಶವಾಹಿಯೂ ಪ್ರತಿ ಮನುಷ್ಯನಲ್ಲಿ ಎರಡೆರಡು ಪ್ರತಿಗಳಾಗಿರುತ್ತದೆ, ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಎರಡರಲ್ಲಿ ಒಂದು ಪ್ರತಿ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಸಾಕಾಗುವ ಕಡೆ ಇನ್ನೊಂದು ಪ್ರತಿಯ ಕೊರತೆ ಹೊರಗೆ ಕಾಣುವುದಿಲ್ಲ. ಕಾಣುವ ಗುಣವನ್ನು ಪ್ರಬಲ ಎಂದೂ ಮರೆಯಲ್ಲಿ ಉಳಿಯುವುದನ್ನು ದುರ್ಬಲ ಎಂದೂ ಕರೆಯುವುದು ವಾಡಿಕೆ. ದುರ್ಬಲ ಗುಣ ಅಳಿದುಹೋಗಿರುವುದಿಲ್ಲ. ಅದು ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಸದ್ದಿಲ್ಲದೆ ದಾಟುತ್ತಾ ಹೋಗಿ, ಅಂಥದೇ ಇನ್ನೊಂದು ಪ್ರತಿಯೊಡನೆ ಕೂಡಿದ ದಿನ ಬಯಲಿಗೆ ಬರುತ್ತದೆ.

ಇದಕ್ಕೆ ಬೇತಮಂಗಲದ ನೆರೆಯಲ್ಲಿಯೇ ಒಳ್ಳೆಯ ನಿದರ್ಶನ ದೊರೆಯುತ್ತದೆ. 1870ರ ದಶಕದಲ್ಲಿ ಐರ್ಲೆಂಡಿನ ಮೂಲದ ಮಾಜಿ ಸೈನಿಕ ಮೈಕೇಲ್ ಲ್ಯಾವೆಲ್ ಕೋಲಾರದ ಕಡೆ ಚಿನ್ನ ಅಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಮೇಲೆ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಕೈಹಾಕಿತು. ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಬ್ರಿಟಿಷ್ ಎಂಜಿನಿಯರರು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಕುಶಲಿಗಳು, ಇಟಲಿಯಿಂದ ಬಂದ ಕೆಲಸಗಾರರು, ಆಂಗ್ಲೋ ಇಂಡಿಯನ್ ಕುಟುಂಬಗಳು, ಉತ್ತರ ಆರ್ಕಾಟಿನಿಂದ ಬಂದ ತಮಿಳು ಕೂಲಿಗಾರರು ಒಂದೇ ಬಯಲಿನಲ್ಲಿ, ಆದರೆ ಬೇರೆ ಬೇರೆ ಸಾಲುಮನೆಗಳಲ್ಲಿ ನೆಲೆಸಿದರು. ಇವರೆಲ್ಲರ ನಲ್ಲಿಗಳಿಗೂ ಬಂದ ನೀರು ಬೇತಮಂಗಲದ ಕೆರೆಯದು. ಕೆಂಪು ಕೂದಲು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ. ಕಾರ್ನ್‌ವಾಲಿನಲ್ಲಿಯೂ ಅದು ಅಪರೂಪವಲ್ಲ. ಹೀಗಾಗಿ ಕೋಲಾರ ಚಿನ್ನದ ಗಣಿಗೆ ಯಂತ್ರಗಳ ಜೊತೆಯಲ್ಲಿ ಈ ನೆಲಕ್ಕೆ ಹೊಸದಾದ ಕೆಲವು ವಂಶವಾಹಿ ರೂಪಗಳೂ ಬಂದವೆಂದು ಹೇಳಬೇಕಾಗುತ್ತದೆ.

ಕೆಂಪು ಕೂದಲಿನ ಮುಖ್ಯ ಕಾರಣವನ್ನು 1995ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಗುರುತಿಸಿದರು. ಹದಿನಾರನೆಯ ವರ್ಣತಂತುವಿನ ಮೇಲೆ ಎಂಸಿ1ಆರ್ ಎಂಬ ವಂಶವಾಹಿಯಿದೆ. ವರ್ಣಕೋಶದ ಹೊರಮೈಯಲ್ಲಿ ನಿಂತು ಹಾರ್ಮೋನಿನ ಸಂಕೇತವನ್ನು ಬರಮಾಡಿಕೊಳ್ಳುವ ಗ್ರಾಹಕವೊಂದನ್ನು ಅದು ರೂಪಿಸುತ್ತದೆ, ಮತ್ತು ಆ ಸಂಕೇತ ಒಳಗೆ ತಲುಪಿದಾಗ ಕೋಶ ಕಪ್ಪು ಮೆಲನಿನ್ ತಯಾರಿಸುತ್ತದೆ. ಗ್ರಾಹಕದ ರಚನೆ ಕೆಟ್ಟು ಸಂಕೇತ ಒಳಗೆ ಹೋಗದಿದ್ದರೆ ಕೋಶ ಕೆಂಪು ಮೆಲನಿನ್ನಿನ ಕಡೆಗೆ ವಾಲುತ್ತದೆ. ಗಣಿಗೆ ಬಂದ ಕೆಂಪು ಕೂದಲಿನ ಒಬ್ಬ ಕುಶಲಿ ಇಲ್ಲಿನ ಕಪ್ಪು ಕೂದಲಿನ ಹೆಣ್ಣನ್ನು ಮದುವೆಯಾದನೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಅವರ ಮಕ್ಕಳಿಗೆಲ್ಲ ತಂದೆಯಿಂದ ಬದಲಾದ ಒಂದು ಪ್ರತಿ, ತಾಯಿಯಿಂದ ಸುಸ್ಥಿತಿಯ ಒಂದು ಪ್ರತಿ ಬಂದು, ಅಷ್ಟೂ ಮಕ್ಕಳ ಕೂದಲು ಕಪ್ಪಾಗಿಯೋ ಕಡುಗಂದಾಗಿಯೋ ಇರುತ್ತದೆ. ತಂದೆಯ ಬಣ್ಣ ಅಲ್ಲಿಗೆ ಮುಗಿಯಿತೆಂದು ನೋಡುವವರಿಗೆ ತೋರುತ್ತದೆ. ಆದರೆ ಆಂಗ್ಲೋ ಇಂಡಿಯನ್ ಸಮುದಾಯದಲ್ಲಿ ಬಹುಪಾಲು ಮದುವೆಗಳು ಸಮುದಾಯದೊಳಗೇ ನಡೆಯುತ್ತಿದ್ದುದರಿಂದ ಒಂದೆರಡು ತಲೆಮಾರಿನ ಮೇಲೆ ಹೀಗೆ ಬಚ್ಚಿಟ್ಟ ಪ್ರತಿಯನ್ನು ಹೊತ್ತ ಗಂಡೂ ಹೆಣ್ಣೂ ಒಂದಾಗುವ ಅವಕಾಶ ಹೆಚ್ಚಾಗಿರುತ್ತಿತ್ತು. ಅಂಥ ದಂಪತಿಗಳಿಬ್ಬರ ಕೂದಲು ಕಪ್ಪಾಗಿದ್ದರೂ ಪ್ರತಿ ಹೆರಿಗೆಯಲ್ಲಿಯೂ ಮಗುವಿಗೆ ಬದಲಾದ ಎರಡೂ ಪ್ರತಿಗಳು ಸಿಗುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮೂರು ಮಕ್ಕಳು ಕಪ್ಪು ಕೂದಲಿನವರಾದರೆ ನಾಲ್ಕನೆಯದು ಕೆಂಚಾಗಲೇಬೇಕೆಂದು ಇದರ ಅರ್ಥವಲ್ಲ, ಪ್ರತಿ ಸಲವೂ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ.

ಈ ವಿವರಣೆ ಚೊಕ್ಕಟವಾಗಿ ಕಂಡರೂ ವಾಸ್ತವ ಇಷ್ಟು ಚೊಕ್ಕಟವಲ್ಲ ಎಂಬುದನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡುಕೊಂಡ ಆನುವಂಶಿಕತೆಯ ನಿಯಮಗಳು ಮರುಶೋಧನೆಗೊಂಡ ಹೊಸದರಲ್ಲಿ, 1909ರಲ್ಲಿ, ಅಮೆರಿಕದ ಗರ್ಟ್ರೂಡ್ ಮತ್ತು ಚಾರ್ಲ್ಸ್ ಡೇವನ್‌ಪೋರ್ಟ್ ದಂಪತಿಗಳು ಮನುಷ್ಯರ ಕೂದಲಿನ ಬಣ್ಣಕ್ಕೂ ಬಟಾಣಿ ಗಿಡದ ಲೆಕ್ಕವನ್ನು ಅನ್ವಯಿಸಲು ಯತ್ನಿಸಿದ್ದರು. ಶಾಲೆಯ ಪುಸ್ತಕಗಳಲ್ಲಿ ಆ ಸರಳ ಚಿತ್ರ ಬಹುಕಾಲ ಉಳಿದುಬಂದಿತು. 2018ರಲ್ಲಿ ಸುಮಾರು 3 ಲಕ್ಷ ಯುರೋಪ್ ಮೂಲದ ಜನರ ಮಾಹಿತಿಯನ್ನು ಪರಿಶೀಲಿಸಿದ ಒಂದು ಅಧ್ಯಯನ ಕೂದಲಿನ ಬಣ್ಣದ ಮೇಲೆ ಪ್ರಭಾವ ಬೀರುವ 124 ವಂಶವಾಹಿಗಳನ್ನು ಪಟ್ಟಿಮಾಡಿತು. ಅದೇ ವರ್ಷ ಎಡಿನ್‌ಬರೋ ವಿಜ್ಞಾನಿಗಳು ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಎಂಸಿ1ಆರ್‌ನ ಬದಲಾದ ಎರಡೂ ಪ್ರತಿಗಳಿದ್ದವರಲ್ಲಿ ಹಲವರಿಗೆ ಕೆಂಪು ಕೂದಲೇ ಇರಲಿಲ್ಲವೆಂಬುದು ತಿಳಿದುಬಂದಿತು. ಬೇರೆ ವಂಶವಾಹಿಗಳು ಅದರ ಪರಿಣಾಮವನ್ನು ತಗ್ಗಿಸಿದ್ದವು. ಕಪ್ಪಿನಿಂದ ಹೊಂಬಣ್ಣದವರೆಗಿನ ಛಾಯೆಗಳಂತೂ ಹತ್ತಾರು ವಂಶವಾಹಿಗಳ ಚೂರುಪಾರು ಕೊಡುಗೆಗಳಿಂದ ಆದವು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಉರಿಗೆಂಪಿನ ಬದಲು ಕಡುಕಂದು, ತಾಮ್ರದ ಛಾಯೆಯ ಕಂದು ಹೆಚ್ಚಾಗಿ ಕಾಣುವುದಕ್ಕೆ ಭಾರತೀಯ ಮೂಲದಿಂದ ಬಂದ ಇಂಥ ಅನೇಕ ಕಪ್ಪು ಪರವಾದ ವಂಶವಾಹಿಗಳೇ ಕಾರಣವೆನ್ನಬಹುದು.

ತಿಳಿಗೂದಲು ಕಂಡ ಕಡೆಯೆಲ್ಲ ಯುರೋಪಿನ ರಕ್ತವನ್ನು ಹುಡುಕುವ ಅಭ್ಯಾಸವೂ ಸರಿಯಲ್ಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಜನ ಕಡುಗಪ್ಪು ಮೈಬಣ್ಣದವರು, ಆದರೂ ಅವರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಂದಿಗೆ ಹೊಂಬಣ್ಣದ ಕೂದಲಿದೆ. ಹಡಗುಗಳಲ್ಲಿ ಬಂದ ಬಿಳಿಯರೇ ಇದಕ್ಕೆ ಕಾರಣವೆಂಬ ಊಹೆಯನ್ನು 2012ರ ಒಂದು ಸಂಶೋಧನೆ ಅಳಿಸಿಹಾಕಿತು: ಟಿವೈಆರ್‌ಪಿ1 ಎಂಬ ವಂಶವಾಹಿಯಲ್ಲಿ ಆ ದ್ವೀಪಗಳ ಕಡೆಯೇ ಹುಟ್ಟಿದ, ಯುರೋಪಿನಲ್ಲಿ ಕಾಣದ ಒಂದೇ ಒಂದು ಬದಲಾವಣೆ ಅದಕ್ಕೆ ಕಾರಣವಾಗಿತ್ತು, ಅದೂ ದುರ್ಬಲ ಗುಣವಾಗಿ.

ಇನ್ನು ಬೇತಮಂಗಲದ ಸುತ್ತಿನ ಹಳ್ಳಿಗಳಲ್ಲಿ ಕೆಂಚು ಕೂದಲೆಂದು ಕರೆಸಿಕೊಳ್ಳುವುದರ ಬಹುಪಾಲಿಗೆ ವಂಶವಾಹಿಗಳ ಸಂಬಂಧವೇ ಇರುವುದಿಲ್ಲ. ಬೇಸಿಗೆಯುದ್ದಕ್ಕೂ ಬರಿದಲೆಯಲ್ಲಿ ಕುರಿ ಕಾಯುವ ಹುಡುಗನ ಕೂದಲನ್ನು ಹತ್ತಿರದಿಂದ ನೋಡಿದರೆ ನೆತ್ತಿಯ ಮೇಲಿನ ಎಳೆಗಳ ತುದಿ ಕೆಂಚಾಗಿ, ಒರಟಾಗಿ, ಕೆಲವೆಡೆ ಸೀಳಿರುವುದು ಕಾಣುತ್ತದೆ. ಅದೇ ಎಳೆಯ ಬುಡ ಮಾತ್ರ ಕಪ್ಪಾಗಿರುತ್ತದೆ, ಮತ್ತು ಮೇಲಿನ ಪದರವನ್ನು ಎತ್ತಿ ಹಿಡಿದರೆ ಬಿಸಿಲು ತಾಗದ ಹಿಂಗತ್ತಿನ ಕೂದಲೂ ಕಪ್ಪಾಗಿಯೇ ಇರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಹನ್ನೆರಡು ಸೆಂಟಿಮೀಟರ್ ಉದ್ದದ ಎಳೆಯ ತುದಿ ಒಂದು ವರ್ಷದ ಬಿಸಿಲನ್ನು ಉಂಡಿರುತ್ತದೆ, ಆ ಬಿಸಿಲಿನ ನೇರಳಾತೀತ ಕಿರಣಗಳು ಮೆಲನಿನ್ ಅನ್ನು ಒಡೆದು ಬಣ್ಣಗೆಡಿಸಿರುತ್ತವೆ. ಹುಟ್ಟಿನಿಂದ ಬಂದ ಕೆಂಚು ಬುಡದಿಂದ ತುದಿಯವರೆಗೆ ಒಂದೇ ಸಮನಾಗಿದ್ದು ಸಾಮಾನ್ಯವಾಗಿ ಹುಬ್ಬಿನಲ್ಲೂ ತೋರುತ್ತದೆ. ತಂದೆತಾಯಿಗಳನ್ನು ಪ್ರಶ್ನಿಸುವ ಮೊದಲು ಮಗುವಿನ ಕೂದಲಿನ ಬುಡವನ್ನು ನೋಡುವ ತಾಳ್ಮೆ ಇದ್ದಿದ್ದರೆ ಎಷ್ಟೋ ಮಾತುಗಳು ಹುಟ್ಟುತ್ತಲೇ ಇರಲಿಲ್ಲ.

ಹಸಿವಿನಿಂದಲೂ ಕೂದಲು ಕೆಂಚಾಗುತ್ತದೆ. ಎದೆಹಾಲು ಬಿಟ್ಟ ಮೇಲೆ ಬರಿಯ ಗಂಜಿಯಲ್ಲಿ ಬೆಳೆದು ಪ್ರೋಟೀನಿನ ಕೊರತೆಗೆ ಒಳಗಾದ ಮಕ್ಕಳಲ್ಲಿ ಕಾಲು ಬಾತುಕೊಳ್ಳುವ, ಚರ್ಮ ಸುಲಿಯುವ, ಕೂದಲು ತೆಳುವಾಗಿ ಬಣ್ಣಗೆಟ್ಟು ಎಳೆದರೆ ಕೈಗೆ ಬರುವ ಕಾಯಿಲೆಗೆ ಕ್ವಾಶಿಯೋರ್ಕರ್ ಎಂದು ಹೆಸರು. ಕೂನೂರಿನಲ್ಲಿ 1918ರಲ್ಲಿ ಆರಂಭವಾಗಿ ಮುಂದೆ ಹೈದರಾಬಾದಿಗೆ ನೆಲೆ ಬದಲಿಸಿದ ಪೋಷಣಾ ಸಂಶೋಧನಾ ಸಂಸ್ಥೆಯಲ್ಲಿ ಸಿ. ಗೋಪಾಲನ್ ಅವರು ದಕ್ಷಿಣ ಭಾರತದ ಮಕ್ಕಳ ಈ ಕಾಯಿಲೆಯನ್ನು ಆಳವಾಗಿ ಅಧ್ಯಯನ ಮಾಡಿದರು. ಒಮ್ಮೆ ಊಟ ಸಿಕ್ಕಿ ಇನ್ನೊಮ್ಮೆ ಸಿಗದೆ ಬೆಳೆದ ಮಗುವಿನ ಒಂದೇ ಕೂದಲಿನಲ್ಲಿ ಕಪ್ಪು ಪಟ್ಟೆ, ತಿಳಿ ಪಟ್ಟೆಗಳು ಒಂದಾದ ಮೇಲೊಂದು ಮೂಡಿರುವುದುಂಟು. ಆ ಮನೆಯ ಒಳ್ಳೆಯ ತಿಂಗಳುಗಳೂ ಕೆಟ್ಟ ತಿಂಗಳುಗಳೂ ಅದರಲ್ಲಿ ಅನುಕ್ರಮವಾಗಿ ದಾಖಲಾಗಿರುತ್ತವೆ. ಅಂಗನವಾಡಿಯ ಮೊಟ್ಟೆ, ಬೇಳೆ ಹೊಟ್ಟೆಗೆ ಬಿದ್ದ ಮೇಲೆ ಬುಡದಿಂದ ಕಪ್ಪು ಕೂದಲು ಮತ್ತೆ ಬೆಳೆಯುತ್ತದೆ.

ಎಳೆಗೂಸಿನ ಹುಟ್ಟುಗೂದಲು ತುಸು ಕೆಂಚಾಗಿದ್ದು ಮುಡಿ ಕೊಟ್ಟ ಮೇಲೆ ದಟ್ಟ ಕಪ್ಪಾಗಿ ಬೆಳೆಯುವುದನ್ನು ಎಲ್ಲರೂ ಕಂಡಿದ್ದಾರೆ, ಅದರ ಕೀರ್ತಿಯನ್ನು ಕ್ಷೌರದ ಕತ್ತಿಗೆ ಕೊಡುವವರೂ ಇದ್ದಾರೆ. ಚರ್ಮದ ಮೇಲೆ ಓಡುವ ಕತ್ತಿ ಒಳಗಿನ ವರ್ಣಕೋಶವನ್ನು ಮುಟ್ಟುವುದಿಲ್ಲ. ಮುಡಿ ಕೊಡದಿದ್ದರೂ ಮಗು ಬೆಳೆದಂತೆ ಆ ಕೋಶಗಳು ಚುರುಕಾಗಿ ಕೂದಲು ಕಪ್ಪಾಗುತ್ತಿತ್ತು. ಬಸುರಿಗೆ ಕೇಸರಿ ಹಾಲು ಕುಡಿಸಿದರೆ ಮಗುವಿನ ಬಣ್ಣ ತಿಳಿಯಾಗುವುದೆಂಬ ನಂಬಿಕೆಯೂ ಇದೇ ಸಾಲಿನದು.

ಬಿಳಿಗೂದಲಿನ ಮಗುವಿನ ವಿಚಾರ ಇವೆಲ್ಲಕ್ಕಿಂತ ಗಂಭೀರವಾದದ್ದು. ಟೈರೋಸಿನೇಸ್ ಕಿಣ್ವದ ಸೂಚನೆಯನ್ನು ಹೊತ್ತ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮೆಲನಿನ್ ತಯಾರಿಕೆ ಮೊದಲ ಹಂತದಲ್ಲೇ ನಿಂತು, ಮಗು ಬಿಳಿಗೂದಲು, ತೀರಾ ತಿಳಿಯಾದ ಚರ್ಮ, ಬೆಳಕನ್ನು ಸಹಿಸದ ಕಣ್ಣುಗಳೊಡನೆ ಹುಟ್ಟುತ್ತದೆ. ಇದನ್ನು ಆಲ್ಬಿನಿಸಂ ಅಥವಾ ವರ್ಣಹೀನತೆ ಎನ್ನುತ್ತಾರೆ. ಇದು ತೊನ್ನಲ್ಲ. ತೊನ್ನು ಹುಟ್ಟಿದ ಮೇಲೆ ಮಚ್ಚೆಮಚ್ಚೆಯಾಗಿ ಬರುವಂಥದು, ವರ್ಣಹೀನತೆ ಹುಟ್ಟಿನಿಂದಲೇ ಇಡೀ ಮೈಗೆ ಸಂಬಂಧಿಸಿದ್ದು; ಎರಡೂ ಅಂಟುವುದಿಲ್ಲ. ಕಣ್ಣಿನ ಒಳಪರದೆ ಸರಿಯಾಗಿ ರೂಪುಗೊಳ್ಳುವುದಕ್ಕೂ ಮೆಲನಿನ್ ಬೇಕಾದ್ದರಿಂದ ಈ ಮಕ್ಕಳ ದೃಷ್ಟಿ ಮಂದವಾಗಿರುತ್ತದೆ, ಕಣ್ಣುಗುಡ್ಡೆಗಳು ಅದುರುತ್ತಿರುತ್ತವೆ; ಕಪ್ಪು ಹಲಗೆ ಕಾಣದ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ತಳ್ಳುವುದಕ್ಕಿಂತ ಮುಂದಿನ ಬೆಂಚಿನಲ್ಲಿ ಕೂರಿಸಿ, ಟೋಪಿ, ತುಂಬು ತೋಳಿನ ಅಂಗಿ, ತಂಪು ಕನ್ನಡಕಗಳನ್ನು ಕೊಡಿಸುವುದು ಅದರ ಬದುಕನ್ನೇ ಬದಲಿಸಬಲ್ಲದು.

ಕರ್ನಾಟಕದ ದಕ್ಷಿಣ ಭಾಗ, ಆಂಧ್ರ, ತಮಿಳುನಾಡುಗಳಿಗೆ ಈ ವಿಷಯ ಹೆಚ್ಚು ಹತ್ತಿರವಾಗುವುದಕ್ಕೆ ಒಂದು ಕಾರಣವಿದೆ. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಳಗೆ ಸಂಬಂಧ ಬೆಳೆಸುವ ಪದ್ಧತಿ ಇಲ್ಲಿ ಬಹು ಹಳೆಯದು. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧಗಳನ್ನು ನಿಷೇಧಿಸಿದರೂ ಆಚಾರ ಒಪ್ಪುವ ಕಡೆ ವಿನಾಯಿತಿ ಕೊಟ್ಟದ್ದು ಇಂಥ ಪದ್ಧತಿಗಳನ್ನು ಗಮನದಲ್ಲಿಟ್ಟುಕೊಂಡೇ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲ ಸಂಬಂಧದ ಹುಟ್ಟುರೋಗಗಳಿಗಾಗಿ ಪರೀಕ್ಷಿಸಿದರು. ಆ ಕೆಲಸದ ಜೊತೆಗೇ ಎ. ಎಚ್. ಬಿಟಲ್ಸ್ ಅವರೊಡನೆ ಕೂಡಿ ಸಂಗ್ರಹಿಸಿದ ಮಾಹಿತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗೆ ಆದವೆಂದೂ, ಅವುಗಳಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ನಡುವಿನ ಮದುವೆಯೇ ಹೆಚ್ಚೆಂದೂ ಕಂಡುಬಂದಿತು. ಕೂದಲಿನ ಬಣ್ಣಕ್ಕೂ ಆ ರಕ್ತಪರೀಕ್ಷೆಗೂ ನೇರವಾದ ನಂಟಿದೆ: ಫೀನೈಲ್ ಅಲನಿನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನ್ ಆಗಿ ಮಾರ್ಪಡಿಸಲಾಗದ ಫೀನೈಲ್‌ಕೀಟೋನೂರಿಯ ಎಂಬ ರೋಗದಲ್ಲಿ ಮೆಲನಿನ್ನಿನ ಕೆಲಸ ಕುಂಠಿತವಾಗಿ, ಮಗುವಿನ ಕೂದಲು ಒಡಹುಟ್ಟಿದವರ ಕೂದಲಿಗಿಂತ ತಿಳಿಯಾಗಿರುತ್ತದೆ, ಚಿಕಿತ್ಸೆ ತಡವಾದರೆ ಬುದ್ಧಿಯ ಬೆಳವಣಿಗೆಯೂ ನಿಲ್ಲುತ್ತದೆ, ಹಿಮ್ಮಡಿಯ ಒಂದು ಹನಿ ರಕ್ತದಿಂದ ಮೊದಲೇ ಪತ್ತೆಯಾದರೆ ಪಥ್ಯದಿಂದಲೇ ತಡೆಯಬಹುದು.

ರಕ್ತಸಂಬಂಧದ ಮದುವೆ ಏನು ಮಾಡುತ್ತದೆಂಬುದನ್ನು ಅಂಕಿಗಳಲ್ಲಿ ನೋಡುವುದು ಉಪಯುಕ್ತ, ಏಕೆಂದರೆ ಈ ವಿಷಯದಲ್ಲಿ ಹೆದರಿಸುವವರೂ ಅಲ್ಲಗಳೆಯುವವರೂ ಇಬ್ಬರೂ ಲೆಕ್ಕವನ್ನು ಬಿಟ್ಟು ಮಾತನಾಡುತ್ತಾರೆ. ಒಂದೇ ವಂಶವಾಹಿಯ ದೋಷದಿಂದ ಬರುವ ಗುಣವೊಂದು 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಕಾಣಿಸಿಕೊಳ್ಳುವುದೆಂದು ಇಟ್ಟುಕೊಂಡರೆ, ಸುಮಾರು 70 ಜನರಲ್ಲಿ ಒಬ್ಬರು ಅದರ ಕೆಟ್ಟ ಪ್ರತಿಯೊಂದನ್ನು ತಾವೇ ಅರಿಯದೆ ಹೊತ್ತಿರುತ್ತಾರೆ. ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದಾಗ ಆ ಪ್ರತಿ ಎರಡೂ ಕಡೆಯಿಂದ ಒಂದೇ ಮಗುವಿಗೆ ಬರುವುದು ಅಪರೂಪ. ಆದರೆ ಅಕ್ಕನೂ ತಮ್ಮನೂ ಒಂದೇ ತಂದೆತಾಯಿಗಳಿಂದ ಒಂದೇ ಪ್ರತಿಯನ್ನು ಪಡೆದಿರಬಹುದಾದ್ದರಿಂದ, ಅಕ್ಕನ ಮಗಳನ್ನು ತಮ್ಮ ಮದುವೆಯಾದಾಗ ಅಜ್ಜನ ಅದೇ ಪ್ರತಿ ಎರಡು ದಾರಿಗಳಲ್ಲಿ ಇಳಿದು ಒಂದೇ ಮಗುವಿನಲ್ಲಿ ಸಂಧಿಸುವ ಅವಕಾಶ ದೊಡ್ಡದಾಗುತ್ತದೆ. ಸಂಭವ 20 ಸಾವಿರದಲ್ಲಿ ಒಂದರಿಂದ ಸುಮಾರು 1,100ರಲ್ಲಿ ಒಂದಕ್ಕೆ ಏರುತ್ತದೆ. ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸುಮಾರು 2 ಸಾವಿರದಲ್ಲಿ ಒಂದು. ಅಕ್ಕನ ಮಗಳೊಡನೆಯ ಮದುವೆಯಲ್ಲಾಗುವ ಹದಿನೆಂಟು ಪಟ್ಟು ಹೆಚ್ಚಳವೆಂದರೆ ಸಣ್ಣದಲ್ಲ. ಆದರೂ ಅಂಥ ಮದುವೆಯ ಸಾವಿರ ಮಕ್ಕಳಲ್ಲಿ 999 ಮಕ್ಕಳಿಗೆ ಆ ಒಂದು ಗುಣ ಬರುವುದಿಲ್ಲವೆಂಬುದೂ ಅಷ್ಟೇ ನಿಜ. ಈ ಲೆಕ್ಕದಲ್ಲಿ ಗಂಡನ ಪಾಲೂ ಹೆಂಡತಿಯ ಪಾಲೂ ಸರಿಸಮ: ಬಿಳಿಗೂದಲಿನ ಮಗು ಹುಟ್ಟಬೇಕಾದರೆ ಇಬ್ಬರಿಂದಲೂ ಒಂದೊಂದು ಪ್ರತಿ ಬಂದಿರಲೇಬೇಕು. ಮಗುವಿನ ಬಣ್ಣವನ್ನು ತೋರಿಸಿ ತಾಯಿಯನ್ನು ದೂರುವವರು, ತಂದೆಯೂ ಅದೇ ಪ್ರತಿಯನ್ನು ಹೊತ್ತವನೆಂಬುದಕ್ಕೆ ಆ ಮಗುವೇ ಪುರಾವೆ ಎಂಬುದನ್ನು ಮರೆಯುತ್ತಾರೆ.

ವರ್ಣಹೀನತೆಗೆ ಕಾರಣವಾಗುವ ವಂಶವಾಹಿಗಳು ಹಲವು ಇರುವುದರಿಂದ ಇದಕ್ಕೆ ತಿರುವುಮುರುವಾದ ಸಂಗತಿಯೂ ನಡೆಯುತ್ತದೆ. ಇಂಗ್ಲೆಂಡಿನ ಕಣ್ಣಿನ ವೈದ್ಯ ಪ್ಯಾಟ್ರಿಕ್ ಟ್ರೆವರ್ ರೋಪರ್ 1952ರಲ್ಲಿ ವರದಿ ಮಾಡಿದ ಒಂದು ಕುಟುಂಬದಲ್ಲಿ ಗಂಡಹೆಂಡಿರಿಬ್ಬರೂ ವರ್ಣಹೀನರಾಗಿದ್ದರೂ ಮಕ್ಕಳು ಸಾಮಾನ್ಯ ಬಣ್ಣದವರಾಗಿದ್ದರು. ಒಬ್ಬರಲ್ಲಿ ಕೆಟ್ಟಿದ್ದ ವಂಶವಾಹಿ ಇನ್ನೊಬ್ಬರಲ್ಲಿ ಸರಿಯಾಗಿತ್ತು, ಆದ್ದರಿಂದ ಮಕ್ಕಳಿಗೆ ಎರಡೂ ವಂಶವಾಹಿಗಳ ಒಂದೊಂದು ಒಳ್ಳೆಯ ಪ್ರತಿ ದೊರೆತಿತ್ತು. ಬಿಳಿಗೂದಲಿಗೆ ಹೋಲುವ ಇನ್ನೊಂದು ಬಗೆಯನ್ನು ಮಾತ್ರ ಕಡೆಗಣಿಸಲಾಗದು. ಕೂದಲು ಬೆಳ್ಳಿಯ ಮೆರುಗಿನದಾಗಿದ್ದು ಮಗುವಿಗೆ ಪದೇ ಪದೇ ಜ್ವರ, ಸೋಂಕು ಬರುತ್ತಿದ್ದರೆ ಅದು ಚೀಡಿಯಾಕ್ ಹಿಗಾಶಿ ಅಥವಾ ಗ್ರಿಸೆಲಿ ಎಂಬ ಹೆಸರಿನ ಅಪರೂಪದ ಹುಟ್ಟುರೋಗವಾಗಿರಬಹುದು. ಅಂಥ ಮಗುವಿನ ಒಂದು ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ, ಎಳೆಯುದ್ದಕ್ಕೂ ಸಮನಾಗಿ ಹರಡಿರಬೇಕಾದ ಮೆಲನಿನ್ ಅಲ್ಲಲ್ಲಿ ಗುಂಪುಗುಂಪಾಗಿ ಗಂಟುಕಟ್ಟಿಕೊಂಡಿರುವುದು ಕಾಣುತ್ತದೆ. ಬಣ್ಣದ ಕಣಗಳನ್ನು ಸಾಗಿಸುವ ವ್ಯವಸ್ಥೆ ಕೆಟ್ಟದ್ದೇ ರೋಗನಿರೋಧಕ ಕೋಶಗಳನ್ನೂ ದುರ್ಬಲಗೊಳಿಸಿರುತ್ತದೆ, ಆದ್ದರಿಂದ ದೊಡ್ಡ ಆಸ್ಪತ್ರೆಗೆ ಒಯ್ಯಲು ತಡಮಾಡುವಂತಿಲ್ಲ.

ಬಾಲನೆರೆಯ ವಿಷಯ ಬೇರೆ. ಇಲ್ಲಿ ವರ್ಣಕೋಶಗಳಿಗೆ ಕೆಲಸ ಗೊತ್ತಿರುತ್ತದೆ, ಆದರೆ ಅವುಗಳ ಸಂಗ್ರಹ ಬೇಗನೆ ತೀರಿಹೋಗುತ್ತದೆ. ಭಾರತೀಯರಲ್ಲಿ ಸಾಮಾನ್ಯವಾಗಿ 25 ವರ್ಷಕ್ಕಿಂತ ಮೊದಲು ಬಂದ ನರೆಯನ್ನು ವೈದ್ಯರು ಬಾಲನೆರೆಯೆಂದು ಎಣಿಸುತ್ತಾರೆ. ಅದು ಮನೆತನದಲ್ಲಿ ಹರಿದುಬರುವುದು ಎಲ್ಲರ ಅನುಭವದ ಮಾತು, ಆದರೂ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಬೀಡಿ ಸಿಗರೇಟಿನ ಚಟಗಳೂ ಅದನ್ನು ಮುಂದಕ್ಕೆ ಎಳೆದು ತರುತ್ತವೆ. 2016ರಲ್ಲಿ ಲ್ಯಾಟಿನ್ ಅಮೆರಿಕದ 6 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಿಂದ ಐಆರ್‌ಎಫ್4 ಎಂಬ ವಂಶವಾಹಿಗೂ ನರೆಗೂ ಸಂಬಂಧವಿದೆಯೆಂದು ತಿಳಿದುಬಂದಿತು.

ಅಪರಾಧ ನಡೆದ ಸ್ಥಳದಲ್ಲಿ ಬಿದ್ದ ಒಂದು ಹನಿ ರಕ್ತದಿಂದ ಅದರ ಒಡೆಯನ ಕೂದಲಿನ ಬಣ್ಣವನ್ನು ಊಹಿಸುವ ವಿಧಾನವೂ ಈಗ ಬಳಕೆಯಲ್ಲಿದೆ. 2013ರಲ್ಲಿ ಪ್ರಕಟವಾದ ಹೈರಿಸ್‌ಪ್ಲೆಕ್ಸ್ ಎಂಬ ಇಂಥ ಪರೀಕ್ಷೆ ಡಿಎನ್‌ಎಯ 24 ನೆಲೆಗಳನ್ನು ನೋಡಿ ಕಣ್ಣಿನ ಬಣ್ಣವನ್ನೂ, ಕೂದಲು ಕಪ್ಪೋ ಕಂದೋ ಕೆಂಪೋ ಹೊಂಬಣ್ಣವೋ ಎಂಬುದನ್ನೂ ಅಂದಾಜು ಮಾಡುತ್ತದೆ. ಯುರೋಪಿನ ಪೊಲೀಸರಿಗೆ ಅದರಿಂದ ಸಾಕಷ್ಟು ಸಹಾಯವಾದೀತು. ಬೇತಮಂಗಲದ ಜನರ ರಕ್ತವನ್ನು ಅದಕ್ಕೆ ಒಡ್ಡಿದರೆ ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಬರುವ ಉತ್ತರ ಕಪ್ಪು ಎಂಬುದೇ, ಅವರಲ್ಲಿ ಯಾರು ಯಾವ ಪ್ರತಿಯನ್ನು ಬಚ್ಚಿಟ್ಟುಕೊಂಡಿದ್ದಾರೆಂಬುದನ್ನು ತಿಳಿಯಲು ಬೇರೆಯೇ ಪರೀಕ್ಷೆಗಳು ಬೇಕಾಗುತ್ತವೆ. ಮನೆಯಲ್ಲಿ ಈಗಾಗಲೇ ಒಂದು ವರ್ಣಹೀನ ಮಗು ಇದ್ದು ಎರಡನೆಯದನ್ನು ಬಯಸುವ ದಂಪತಿಗಳಿಗೆ ಅಂಥ ಪರೀಕ್ಷೆಗಳೂ ಅವುಗಳ ಅರ್ಥವನ್ನು ತಿಳಿಯಹೇಳುವ ಆನುವಂಶಿಕ ಸಮಾಲೋಚನೆಯೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತವೆ.